ಗುರುತಿರೋರ ಪಟ್ಟಿ

ಬಂಗಾರಪೇಟೆ, ಗುರುವಾರ

ಅಪ್ಪಾ,

ಫೋನಲ್ಲಿ ಈ ಮಾತು ಎತ್ತಿದ್ರೆ ಹಸುಗೆ ನೀರಿಡಬೇಕು ಅಂತ ಫೋನ್ ಇಟ್ಬಿಡ್ತೀಯ. ಅದಕ್ಕೇ ಕಾಗದ.

ಹೋದ ವಾರ ಬೇತಮಂಗಲದ ಡೈರೀಲಿ ಹಾಲಿನ ಕ್ಯಾನು ಹಿಡ್ಕೊಂಡು ಕಾದು ಕಾದು ಬೈದೆಯಲ್ಲ, ಅದು ಕಂಪ್ಯೂಟರ್ ಕಾಯೋ ಆಂಟಿವೈರಸ್ ಮಾಡಿದ ಕೆಲಸ. ಹಾಲಿನ ತೂಕ ಬರ್ಕೊಳ್ಳೋ ಫೈಲನ್ನೇ ಕಳ್ಳ ಅಂತ ಹಿಡಿದಿತ್ತು. ಒಂದೂರಲ್ಲಿ ಬಿಡಿಸಿದ್ರೆ ಇನ್ನೊಂದೂರಲ್ಲಿ ಹಿಡೀತಿತ್ತು. ಈಗ ಡೈರಿಗಳ ಕಂಪ್ಯೂಟರ್ ನೋಡ್ಕೊಳ್ಳೋ ನಮ್ಮ ಆಫೀಸಲ್ಲಿ ಗುರುತಿರೋ ಫೈಲುಗಳದ್ದು ಒಂದೇ ಪಟ್ಟಿ ಮಾಡಿ ಎಲ್ಲಾ ಡೈರಿಗೂ ಜೋಡಿಸಿದೀವಿ. ಕಾವಲು ತೆಗೆದಿಲ್ಲ. ಒಂದು ಸಲ ಹೆಸರು ಸೇರಿಸಿದ್ರೆ ಆಮೇಲೆ ಯಾವ ಊರಲ್ಲೂ ತಡೆಯಲ್ಲ, ಅಷ್ಟೇ.

ಈ ಉಪಾಯ ಹೇಳಿದ್ದು ಚಿನ್ನದ ಗಣಿ ಕಡೆಯ ಕೋರಮಂಡಲಿನ ಕದಿರವೇಲು. ನಾನು ಮದುವೆ ಆಗ್ತೀನಿ ಅಂದೆನಲ್ಲ, ಅವರೇ. ಅವರು ಮನೆಗೆ ಬಂದಾಗೆಲ್ಲ ಬಾಗಿಲಲ್ಲೇ ನಿಲ್ಸಿ "ಯಾರಪ್ಪಾ ನೀನು, ಯಾವೂರೋನು?" ಅಂತ ಹೊಸದಾಗಿ ಕೇಳ್ತೀಯ. ಹೋದ ಸಲ ಮಾತ್ರ ಮಜ್ಜಿಗೆ ಕೊಡಿಸಿದೆ. ಅದನ್ನ ನಾವಿಬ್ಬರೂ ಮರ್ತಿಲ್ಲ.

ಭಾನುವಾರ ಮತ್ತೆ ಬರ್ತಾರೆ. ಅಮ್ಮಂಗೆ ಹೇಳಿ ಮಸ್ಸೊಪ್ಪು ಮಾಡಿಸು. ಹೆಸರು ಹಿಡಿದು ಒಳಕ್ಕೆ ಕರಿ, ಸಾಕು. ನಾಯಿ ಕಟ್ಟಾಕೋದು ಬೇಡ. ಎರಡನೇ ಸಲಕ್ಕೇ ಅದು ಅವರ ಗುರುತು ಹಿಡೀತು.

ನಿನ್ನಷ್ಟೇ ಹಟದ ಮಗಳು,
ಪಾವನ