ಅಂಗಳದಲ್ಲಿ ಮಲಗಿಸಿದ ಮಗು

ಬೊಗೊಟಾ
ಅಕ್ಟೋಬರ್ 14, 1993

ಪ್ರೀತಿಯ ಹಾಲ್ವೋರ್,

ನಿನ್ನ ಮಂಡಿ ಹೇಗಿದೆ? ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಅದು ಅಡುಗೆಮನೆಯ ಕಿಟಕಿಯಲ್ಲಿ ಹಾಗೇ ಕೂತಿದೆಯೋ? ಕೋಳಿಗಳನ್ನು ಕತ್ತಲಾಗುವ ಮೊದಲೇ ಒಳಗೆ ಸೇರಿಸು, ನಿನಗೆ ಮಂಡಿನೋವು ಅಂತ ನರಿ ಸುಮ್ಮನಿರುವುದಿಲ್ಲ. ಎರಡು ಹೊತ್ತೂ ಬರೀ ಬ್ರೆಡ್ಡು ಚೀಸು ತಿಂದುಕೊಂಡು ಇರಬೇಡ. ನೆಲಮಾಳಿಗೆಯಲ್ಲಿ ಉಪ್ಪು ಹಾಕಿದ ಮೀನಿದೆ, ನಾಲ್ಕು ಆಲೂಗಡ್ಡೆ ಬೇಯಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಮೈಯ ಮಟ್ಟಿಗೆ ಚೆನ್ನಾಗಿದ್ದೇನೆ. ಮನಸ್ಸಿನ ಸುದ್ದಿ ಬೇರೆ. ಹೋದ ಭಾನುವಾರ ಮೊಮ್ಮಗಳ ಬಗ್ಗೆ ನೀನು ಕೇಳುತ್ತಿದ್ದಾಗ ಲೈನು ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟೆನಲ್ಲ, ಲೈನು ಸರಿಯಾಗಿಯೇ ಇತ್ತು. ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಇದೇ ವಸತಿಮನೆಯಲ್ಲಿದ್ದ ಬೆರ್ಗೆನ್ನಿನ ಗಂಡ ಹೆಂಡತಿ ತಮಗೆ ದತ್ತು ಸಿಕ್ಕ ಮಗನನ್ನು ಎತ್ತಿಕೊಂಡು ಇವತ್ತು ನಾರ್ವೆಗೆ ಹೊರಟಿದ್ದಾರೆ. ಕಾಗದವನ್ನು ಅವರ ಕೈಯಲ್ಲಿ ಕೊಡುತ್ತೇನೆ. ಕೂತುಕೊಂಡು ಓದು.

ನೂಬಿಯಾ ನಮ್ಮ ಕೈಗೆ ಬಂದ ದಿನ ನೀನು ಇಲ್ಲಿರಬೇಕಿತ್ತು. ಇಷ್ಟು ದಿನ ಅವಳನ್ನು ಸಾಕಿದ ಹೆಂಗಸು ತಾನೇ ಕರೆತಂದಳು. ಇವಳ ಬಾಯಿ ಮುಚ್ಚಿಸುವುದು ನಿಮ್ಮ ಕೈಲಾದರೆ ಮುಚ್ಚಿಸಿ ನೋಡೋಣ, ನನ್ನ ಕೈಲಂತೂ ಆಗಲಿಲ್ಲ ಎಂದು ನಕ್ಕಳು, ಆಮೇಲೆ ಬಾಗಿಲ ಹೊರಗೆ ಹೋಗಿ ಅತ್ತಳು. ನಿಜವಾಗಿಯೂ ಮಾತಿನ ಮಲ್ಲಿ. ಎರಡೂವರೆ ವರ್ಷದ ಚೋಟು ಹುಡುಗಿ, ಕಂಡದ್ದಕ್ಕೆಲ್ಲ ಬೆರಳು ಮಾಡಿ ಹೆಸರು ಹೇಳುತ್ತಿದ್ದಳು, ನಾವು ತಪ್ಪಾಗಿ ಅಂದರೆ ನಗುತ್ತಿದ್ದಳು. ನಾನು ಊರಿಂದ ಹೊತ್ತುತಂದ ಕಂದು ಚೀಸನ್ನು ಬಾಯಿಗಿಟ್ಟುಕೊಂಡು ನಮ್ಮ ಅಳಿಯನ ಅಂಗಿಯ ಮೇಲೆ ಉಗಿದಳು. ಐವಿನ್‌ನ ಮುಖ ನೋಡಬೇಕಿತ್ತು, ಪ್ರಶಸ್ತಿ ಬಂದವನ ಹಾಗೆ ಆ ಅಂಗಿಯನ್ನು ದಿನವಿಡೀ ಬಿಚ್ಚಲಿಲ್ಲ. ತೊರುನ್‌ಳನ್ನು ಮೂರನೆಯ ದಿನಕ್ಕೇ ಅಮ್ಮಾ ಎಂದು ಕರೆದಳು. ನಮ್ಮ ಮಗಳು ಇದಕ್ಕಾಗಿ ಎಷ್ಟು ವರ್ಷ ಕಾದಳು, ಏನೇನು ಕಳೆದುಕೊಂಡಳು ಎನ್ನುವುದು ನಿನಗೆ ಗೊತ್ತು. ನನ್ನನ್ನು ಅಜ್ಜಿ ಎಂದು ಕರೆಯಲು ಕಲಿಸಿದವನು ಐವಿನ್. ಅವಳು ನನ್ನ ಕೋಟಿನ ಜೇಬಿನೊಳಗೆ ಕೈ ತೂರಿಸಿ, ಅಲ್ಲೇ ಬಿಟ್ಟುಕೊಂಡು ನನ್ನ ಪಕ್ಕ ನಡೆಯುತ್ತಿದ್ದಳು.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ. ಮಗಳು ಅಳಿಯ ಮಧ್ಯಾಹ್ನವಾದರೆ ವಕೀಲರ ಹತ್ತಿರ, ಕೋರ್ಟಿಗೆ ಎಂದು ಓಡಾಡಬೇಕಿತ್ತು. ಮಗು ನನ್ನ ಪಾಲಿಗೆ. ಇಲ್ಲಿಯ ಹವೆ ನಮ್ಮ ಸೆಪ್ಟೆಂಬರಿನ ಹಾಗೆ ತಣ್ಣಗಿದೆ, ಮಲಗುವ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ನಾನೇನು ಮಾಡಿರುತ್ತೇನೆ ಹೇಳು. ನಮ್ಮ ನಾಲ್ಕು ಮಕ್ಕಳನ್ನೂ ಹೇಗೆ ಮಲಗಿಸಿದೆವೋ ಹಾಗೇ. ತೊರುನ್ ಹಿಮ ಬೀಳುವಾಗಲೂ ಹೊರಗೇ ಗೊರಕೆ ಹೊಡೆಯುತ್ತಿದ್ದಳಲ್ಲ, ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ನೂಬಿಯಾಗೆ ಉಣ್ಣೆಯ ಟೋಪಿ ಹಾಕಿ, ಕಂಬಳಿ ಹೊದಿಸಿ, ತಳ್ಳುಗಾಡಿಯನ್ನು ಅಂಗಳದಲ್ಲಿ ಬೀದಿಗೇಟಿನ ಪಕ್ಕ ಗಾಳಿ ಚೆನ್ನಾಗಿರುವ ಕಡೆ ನಿಲ್ಲಿಸಿದೆ. ಒಳಗೆ ಬಂದು ಕಾಫಿ ಕುಡಿದು ಹೆಣಿಗೆ ಹಿಡಿದೆ. ಅಮ್ಮ ಇರುವಾಗ ನನಗೇನು ಯೋಚನೆ ಎಂದು ತೊರುನ್ ಹೇಳಿ ಹೋಗಿದ್ದಳು.

ಮೊದಲ ದಿನ ಒಂದಿಷ್ಟು ಅತ್ತಳು. ಹೊಸ ಜಾಗ, ಅಭ್ಯಾಸವಾಗುತ್ತದೆ ಅಂದುಕೊಂಡೆ. ಮಾರನೆಯ ದಿನದಿಂದ ಚಕಾರ ಎತ್ತಲಿಲ್ಲ. ಎಬ್ಬಿಸಲು ಹೋದರೆ ಆಗಲೇ ಎದ್ದು ಕೂತಿರುತ್ತಿದ್ದಳು, ಕೈಯೆರಡೂ ಮಡಿಲಲ್ಲಿ, ಕಣ್ಣು ಗೇಟಿನ ಮೇಲೆ. ನನಗೆ ಹಿಗ್ಗೋ ಹಿಗ್ಗು. ಇಷ್ಟು ಒಳ್ಳೆಯ ಮಗುವನ್ನು ನಾನು ಕಂಡೇ ಇಲ್ಲ ಎಂದು ಬೆರ್ಗೆನ್ನಿನವರ ಮುಂದೆ ಜಂಬ ಕೊಚ್ಚಿಕೊಂಡೆ, ಅವರ ಮಗ ರಚ್ಚೆ ಹಿಡಿಯುತ್ತಿದ್ದಾಗ ಹೇಗೆ ಮಲಗಿಸಬೇಕು ಎಂದು ಪಾಠವನ್ನೂ ಮಾಡಿದೆ. ದಿನ ಕಳೆದಂತೆ ಅವಳ ಹರಟೆ ನಿಂತಿತು. ಬೆರಳು ಮಾಡುವುದು ನಿಂತಿತು. ಕೊಟ್ಟರೆ ತಿನ್ನುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಮಗು ಹೊಂದಿಕೊಳ್ಳುತ್ತಿದೆ ಎಂದೆ ನಾನು. ತೊರುನ್‌ಗೆ ಮಾತ್ರ ಕಳವಳ. ಮಗು ನನ್ನ ಮುಖ ನೋಡುತ್ತಿಲ್ಲ, ಅವಳಿಗೆ ನಾನು ಬೇಡವಾಗಿದ್ದೇನೆ ಎಂದು ಬಚ್ಚಲುಮನೆಯಲ್ಲಿ ಕೂತು ಅಳುತ್ತಿದ್ದಳು. ನಾಲ್ಕು ಹೆತ್ತವಳ ಗತ್ತಿನಲ್ಲಿ ನಾನು ಅವಳಿಗೆ ತಾಳ್ಮೆ ಬೋಧಿಸಿದೆ. ಅದನ್ನು ನೆನೆಸಿಕೊಂಡರೆ ಈಗ ನನ್ನ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಈ ವಸತಿಮನೆ ನಡೆಸುವವಳು ಕಾರ್ಮೆನ್ಸಾ. ಮಗು ಕರೆದೊಯ್ಯಲು ಬರುವ ನಮ್ಮವರನ್ನೇ ಇಟ್ಟುಕೊಂಡು ಇಟ್ಟುಕೊಂಡು ನಮ್ಮ ಮಾತು ಕಲಿತವಳು. ನಾವು ಬಂದ ಹೊಸತರಲ್ಲೇ ಅವಳ ತಂಗಿಗೆ ಹುಷಾರಿಲ್ಲ ಎಂದು ಹಳ್ಳಿಗೆ ಹೋಗಿದ್ದಳು. ವಾಪಸು ಬಂದ ಮಧ್ಯಾಹ್ನ ಗೇಟು ತೆರೆದರೆ ಎದುರಿಗೇ ನೂಬಿಯಾ. ಚೀಲವನ್ನು ಅಲ್ಲೇ ಹಾಕಿ, ಮಗುವನ್ನು ಎತ್ತಿಕೊಂಡು ಸೀದಾ ನನ್ನ ಹತ್ತಿರ ಬಂದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಹೇಳಿದೆ, ಒಂದು ದಿನವೂ ತಕರಾರು ಮಾಡದೆ ಮಲಗುತ್ತಾಳೆ ಎಂದೆ.

“ಮಲಗೋದಲ್ಲಮ್ಮ ಅದು,” ಅಂದಳು. “ಕಾಯ್ತಾ ಕೂತಿದಾಳೆ. ಇವಳನ್ನ ಎಲ್ಲಿಂದ ಎತ್ಕೊಂಡು ಬಂದ್ರು ಅಂತ ನಿಮಗೆ ಯಾರೂ ಹೇಳ್ಲಿಲ್ವಾ?”

ಹೇಳಿದ್ದರು, ಹಾಲ್ವೋರ್. ನಮಗೆಲ್ಲರಿಗೂ ಗೊತ್ತಿತ್ತು. ಹೆತ್ತವಳು ಕಂಬಳಿ ಸುತ್ತಿ ಬೇಕರಿಯ ಮೆಟ್ಟಿಲ ಮೇಲೆ ಕೂರಿಸಿ ಹೋದಳು. ಮಗು ಅಳದೆ ಕೂತಿದ್ದರಿಂದ ಯಾರೋ ಗಿರಾಕಿಯ ಮಗು ಇರಬೇಕು ಅಂದುಕೊಂಡರು, ಅಂಗಡಿ ಮುಚ್ಚುವ ಹೊತ್ತಿಗೂ ಅಲ್ಲೇ ಕೂತಿತ್ತು. ತೊರುನ್ ಮಗುವಿನ ಕಾಗದಪತ್ರದಲ್ಲಿ ಇದನ್ನು ಓದಿ ಹೇಳಿದಾಗ ನೀನು ಎದ್ದು ಕೋಳಿಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಹಾಗಿದ್ದೂ ಕಂಬಳಿ ಹೊದಿಸಿ ಬೀದಿಬಾಗಿಲಲ್ಲಿ ಬಿಟ್ಟು ಬೆನ್ನು ತಿರುಗಿಸುವಾಗ ನನಗೆ ಒಂದು ಸಲವೂ ಹೊಳೆಯಲಿಲ್ಲ. ತೊರುನ್‌ಗೂ ಹೊಳೆಯಲಿಲ್ಲ, ಐವಿನ್‌ಗೂ ಇಲ್ಲ, ಬೆರ್ಗೆನ್ನಿನವರಿಗೂ ಇಲ್ಲ. ನಮ್ಮಲ್ಲಿ ಮುದ್ದಿನ ಮಗುವನ್ನೇ ಅಲ್ಲವೇ ಹೊರಗೆ ಮಲಗಿಸುವುದು. ಬರುವ ನಾರ್ವೆಯವರಿಗೆಲ್ಲ ಮೊದಲ ದಿನವೇ ಮಗುವನ್ನು ಹೊರಗೆ ಮಲಗಿಸಬೇಡಿ ಎನ್ನುತ್ತೇನೆ, ನಿಮಗೆ ಹೇಳುವ ಮುಂಚೆ ಊರಿಗೆ ಹೋದೆನಲ್ಲ ಎಂದು ಕಾರ್ಮೆನ್ಸಾ ತನ್ನ ತಲೆಯನ್ನೇ ಚಚ್ಚಿಕೊಂಡಳು.

ಮಗಳು ಅಳಿಯ ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ಐವಿನ್ ಸೂಪಿನ ಚಮಚ ಕೆಳಗಿಟ್ಟ. ತೊರುನ್ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಎರಡು ದಿನ ಬಿಟ್ಟು ಮಕ್ಕಳ ಇಲಾಖೆಯಿಂದ ಒಬ್ಬ ಹೆಂಗಸು ಬಂದಳು, ಒಳ್ಳೆಯವಳೇ. ನೆಲದ ಮೇಲೆ ಕೂತು ನೂಬಿಯಾಳನ್ನು ಬಹಳ ಹೊತ್ತು ನೋಡಿದಳು. ನಾನು ಒಳಗೆ ಬಂದದ್ದೇ ತಡ, ಮಗು ಆಟ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡು ಸೆಟೆದು ಕೂತಿತು. ಅವಳು ಅದನ್ನು ನೋಡಿದಳು, ನಾವೂ ನೋಡಿದೆವು. ತಾಯ್ತಂದೆಯರ ಹತ್ತಿರ ಮಗು ಮತ್ತೆ ಬಾಯಿಬಿಟ್ಟು ಏನನ್ನಾದರೂ ಕೇಳುವ ಹಾಗಾಗಬೇಕು, ಅಲ್ಲಿಯವರೆಗೆ ನಿಮ್ಮ ದತ್ತು ಅರ್ಜಿಯನ್ನು ನ್ಯಾಯಾಧೀಶರ ಮುಂದೆ ಇಡುವುದಿಲ್ಲ ಎಂದಳು. ಆಗದೇ ಹೋದರೆ ಎಂದು ಐವಿನ್ ಕೇಳಿದ. ಆಗದೇ ಹೋದರೆ ಮಗುವನ್ನು ಸಾಕಿದವಳ ಹತ್ತಿರ ಮರಳಿ ಕಳಿಸಬೇಕಾಗುತ್ತದಂತೆ. ಸದ್ಯಕ್ಕೆ ಅವಳ ಸುತ್ತ ತಾಯ್ತಂದೆ ಇಬ್ಬರೇ ಇರಲಿ, ಇಬ್ಬರೇ ಎತ್ತಲಿ, ಇಬ್ಬರೇ ಉಣಿಸಲಿ ಎಂದು ಹೇಳಿ ಹೋದಳು.

ಆಮೇಲೆ ತೊರುನ್ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. “ನೀನು ಬೇಕೂಂತ ಮಾಡಿಲ್ಲಮ್ಮ, ನಂಗೊತ್ತು. ನಾನೂ ಹೂಂ ಅಂದಿದ್ದೆ. ಆದ್ರೆ ನಿನ್ನ ಕಂಡ್ರೆ ಅವಳು ಬಾಗಿಲು ನೋಡ್ತಾಳೆ. ನೀನು ಇಲ್ಲಿರಬೇಡಮ್ಮ.”

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಿನ್ನನ್ನು ಬೆಳೆಸಿದ್ದು ಯಾರು ಎಂದು ಕೇಳಿಯೇಬಿಟ್ಟೆ. ಸಿಟ್ಟು ಇಳಿದ ಮೇಲೆ ನಾನೇ ಅವಳ ಕೈ ಹಿಡಿದುಕೊಂಡೆ. ಹೋಗುತ್ತೇನೆ, ಮಗುವನ್ನು ಎತ್ತಿಕೊಳ್ಳಲು ಆಸೆಪಟ್ಟು ತಿರುಗಿ ಬರುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ನನ್ನ ಟಿಕೆಟ್ಟನ್ನು ತಿಂಗಳ ಕೊನೆಯವರೆಗೆ ಬದಲಾಯಿಸಲು ಆಗುವುದಿಲ್ಲವಂತೆ, ಅದಕ್ಕೇ ಈ ಊರಿನ ಇನ್ನೊಂದು ತುದಿಯಲ್ಲಿ ಸನ್ಯಾಸಿನಿಯರು ನಡೆಸುವ ತಂಗುಮನೆಯಲ್ಲಿ ಕಾರ್ಮೆನ್ಸಾ ಕೋಣೆ ಹಿಡಿದಿದ್ದಾಳೆ. ಇನ್ನೊಂದು ಮಾತು, ಇದು ನಿನಗೂ ಸೇರಿದ್ದು. ದೇವರ ದಯೆಯಿಂದ ಮಗು ಊರಿಗೆ ಬಂದರೂ ವಸಂತ ಬರುವವರೆಗೆ ಅವಳ ಜೊತೆ ಅವರಿಬ್ಬರೇ ಇರಬೇಕಂತೆ, ನಾವಿಬ್ಬರೂ ಅವರ ಮನೆ ಕಡೆ ಹೋಗುವ ಹಾಗಿಲ್ಲ. ವಿಮಾನ ನಿಲ್ದಾಣಕ್ಕೆ ಬಾವುಟ ಹಿಡಿದುಕೊಂಡು ಹೋಗುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೀಯ, ಪಾಪ. ಏನೂ ಮಾಡದ ನಿನಗೂ ನನ್ನಿಂದ ಶಿಕ್ಷೆಯಾಯಿತು. ಬಯ್ಯುವುದಿದ್ದರೆ ನಾನು ಬಂದ ಮೇಲೆ ಬಯ್ಯಿ, ಫೋನಿನಲ್ಲಿ ಬೇಡ.

ನಿನ್ನ ತಂಗಿಗೆ ನನ್ನ ನೆನಪು ತಿಳಿಸು. ಪಕ್ಕದ ಮನೆಯವರು ಕೇಳಿದರೆ ಮಗು ಚೆನ್ನಾಗಿದೆ ಎಂದಷ್ಟೇ ಹೇಳು, ನಿನಗೆ ಒಂದಕ್ಕೆ ಹತ್ತು ಹೇಳುವ ಚಾಳಿ. ಸಂಜೆ ಹೊತ್ತು ಆ ಹಳೆಯ ಸ್ವೆಟರನ್ನಾದರೂ ಹಾಕಿಕೋ. ದೇವರು ನಿನ್ನನ್ನೂ ಆ ಮೂವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಬೋರ್ಗಿಲ್

ತಾ.ಕ.: ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾದರೆ ಹೇಗೋ ಓದಿಕೋ. ಬೆರ್ಗೆನ್ನಿನವರು ನನ್ನನ್ನು ತಂಗುಮನೆಯ ಹತ್ತಿರ ಇಳಿಸಿ ವಿಮಾನಕ್ಕೆ ಹೋಗುತ್ತಾರೆ. ನೂಬಿಯಾ ತಿಂಡಿ ತಿನ್ನುತ್ತಿರುವಾಗ ಸದ್ದಿಲ್ಲದೆ ಹೊರಟುಬಿಡೋಣ ಅಂದುಕೊಂಡಿದ್ದೆ. ತೊರುನ್‌ಳ ಸೊಂಟದ ಮೇಲೆ ಕೂತು ಬಾಗಿಲಿಗೆ ಬಂದುಬಿಟ್ಟಳು. ನನ್ನ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ ಗಾಡಿ ಹತ್ತಿದೆ. ಆಗ ಅತ್ತಳು ನೋಡು, ಬೀದಿಗೆಲ್ಲ ಕೇಳುವ ಹಾಗೆ, ಎರಡೂ ಕೈ ಚಾಚಿ, ಅಜ್ಜೀ ಅಜ್ಜೀ ಎಂದು ಕೂಗಿಕೊಂಡು. ಕಾರ್ಮೆನ್ಸಾ ಗಾಡಿಯ ಬಾಗಿಲು ಹಾಕುತ್ತಾ, “ಅಳಲಿ ಬಿಡಿ, ಒಳ್ಳೇದಾಯ್ತು. ಕರೆದ್ರೆ ಬರ್ತಾರೆ ಅನ್ನೋ ನಂಬಿಕೆ ಇದ್ರೆ ತಾನೇ ಮಗು ಅಳೋದು,” ಅಂದಳು. ಮಗಳಿಗೂ ಅಳಿಯನಿಗೂ ಇದು ಒಳ್ಳೆಯದೇ ಇರಬೇಕು, ತೊರುನ್ ಅಳುತ್ತಲೇ ನಗುತ್ತಿದ್ದಳು. ಆದರೆ ನೂಬಿಯಾ ಕರೆದದ್ದು ನನ್ನನ್ನು, ಹಾಲ್ವೋರ್. ಡ್ರೈವರಿಗೆ ಒಂದು ಮಾತು ಹೇಳಿದ್ದರೆ ಗಾಡಿ ನಿಲ್ಲಿಸುತ್ತಿದ್ದ. ಕೊಟ್ಟ ಮಾತು ನೆನೆಸಿಕೊಂಡು ಸುಮ್ಮನೆ ಕೂತೆ. ಈಗ ತಿರುವು ದಾಟಿಬಿಟ್ಟಿದ್ದೇವೆ, ಅವಳ ದನಿ ಕೇಳಿಸುತ್ತಿಲ್ಲ.