ಗೋದಾಮಿನ ಎತ್ತರ

ಒಂಬತ್ತನೇ ತಾರೀಕು, ಭಾನುವಾರ

ನಮ್ಮ ಮನೆಯವರಿಗೆ,

ಹೀಗೆ ಬರೆದ ಮೇಲೆ ನನಗೇ ನಗು ಬಂತು. ಮನೆ ಬಿಟ್ಟು ಬಂದವಳು ‘ನಮ್ಮ ಮನೆಯವರು’ ಎನ್ನುವುದು ಹೇಗೆ? ಆದರೆ ಮದುವೆಯಾದಂದಿನಿಂದ ನಾಲ್ಕು ಜನರೆದುರು ನಿಮ್ಮನ್ನು ಹಾಗೇ ಕರೆದು ಅಭ್ಯಾಸ. ಬೇರೆ ಮಾತು ಕೈಗೆ ಬರುವುದಿಲ್ಲ. ಇರಲಿ.

ದೊಡ್ಡಕ್ಕನ ಮನೆಗೆ ನೀವು ಹಾಕಿದ ಕಾಗದ ಸುತ್ತಿ ಬಳಸಿ ತಡವಾಗಿ ನನ್ನ ಕೈ ಸೇರಿತು. ನಾಲ್ಕು ಪುಟ ಬರೆದಿದ್ದೀರಿ. ನಾವು ಹಾಲಿನಲ್ಲಿ ಕಟ್ಟಿದ ಆ ಮಾದರಿ ಬಂದರನ್ನು ಮನೆಯಿಂದ ಹೊರಗೆ ಸಾಗಿಸಿದ ಕಥೆಗೇ ಮೂರು ಪುಟ ಹೋಗಿದೆ. ಹಾಲಿನ ಕಿಟಕಿಯ ಚೌಕಟ್ಟನ್ನೇ ಕೀಳಿಸಿದ್ದು, ಅಲೆತಡೆಯ ಗೋಡೆಯನ್ನು ತುಂಡು ಮಾಡಿ ನಮ್ಮ ಹಾಸಿಗೆಯಲ್ಲಿ ಸುತ್ತಿದ್ದು, ಯುದ್ಧನೌಕೆಗಳನ್ನು ಮಡಿಲಲ್ಲಿಟ್ಟುಕೊಂಡು ನೀವು ಲಾರಿಯ ಮುಂದಿನ ಸೀಟಿನಲ್ಲಿ ಕೂತದ್ದು. ಕೊನೆಯ ಪುಟದ ಕೊನೆಯ ಸಾಲಿನಲ್ಲಿ ‘ನಿನ್ನ ಮಂಡಿನೋವು ಹೇಗಿದೆ’ ಎಂದು ಕೇಳಿದ್ದೀರಿ. ಇದ್ದ ಹಾಗೇ ಇದೆ.

ನೌಕಾಪಡೆಯ ವಸ್ತುಸಂಗ್ರಹಾಲಯದವರು ಅದಕ್ಕೊಂದು ಇಡೀ ಕೋಣೆ ಕೊಟ್ಟಿದ್ದಾರೆಂದೂ, ಉದ್ಘಾಟನೆಯ ದಿನ ನಾನು ನಿಮ್ಮ ಪಕ್ಕದಲ್ಲಿ ನಿಲ್ಲಬೇಕೆಂದೂ, ಅರ್ಧ ಕೆಲಸ ನನ್ನದಾದ್ದರಿಂದ ಗೋಡೆಯ ಫಲಕದಲ್ಲಿ ನನ್ನ ಹೆಸರನ್ನೂ ಹಾಕಿಸಿದ್ದೀರೆಂದೂ ಬರೆದಿದ್ದೀರಿ. ಫಲಕದಲ್ಲಿ ಇನ್ನೂ ಒಂದು ಸಾಲು ಇದೆಯಂತೆ: ‘ಈಗಿಲ್ಲದ ಹಳೆಯ ನೌಕಾ ಬಂದರು, ಪ್ರತಿ ಅಳತೆಯಲ್ಲೂ ಇದ್ದದ್ದು ಇದ್ದಂತೆ.’

ನಾನು ಬರುವುದಿಲ್ಲ. ಹೆಸರು ತೆಗೆಸಿ. ಯಾಕೆಂದು ನಿಮಗೆ ಗೊತ್ತು. ಆದರೂ ಒಂದು ಸಲ ಮೊದಲಿನಿಂದ ಬರೆದೇ ಹೇಳುತ್ತೇನೆ. ಬಾಯಲ್ಲಿ ಹೇಳಲು ಹೊರಟರೆ ನೀವು ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಡುತ್ತೀರಿ. ಎದುರಿಗಿರುವವರ ಮಾತು ಅಲ್ಲಿಗೇ ಸತ್ತುಹೋಗುತ್ತದೆ.

ನೀವು ಹಡಗುಕಟ್ಟೆಯಲ್ಲಿ ದೊಡ್ಡ ಕ್ರೇನ್ ನಡೆಸುತ್ತಿದ್ದವರು. ನನ್ನ ತಮ್ಮ ಗುಬ್ಬಿಗೆ ಅಲ್ಲಿ ಕೆಲಸ ಕೊಡಿಸಿದವರೂ ನೀವೇ. ಮೇಲೆ ಕ್ಯಾಬಿನ್ನಿನಲ್ಲಿ ನೀವು, ಕೆಳಗೆ ಜೆಟ್ಟಿಯ ಮೇಲೆ ಅವನು. ಎತ್ತು, ಇಳಿಸು, ತಿರುಗಿಸು, ನಿಲ್ಲಿಸು ಎಂದು ಅವನು ಕೈಸನ್ನೆ ಮಾಡಬೇಕು, ನೀವು ಅದರಂತೆ ಕ್ರೇನ್ ಆಡಿಸಬೇಕು. ‘ಮನೇಲಿ ಅಕ್ಕನ ಕೈ, ಡ್ಯೂಟೀಲಿ ನನ್ನ ಕೈ. ಭಾವ ಸ್ವಂತ ಬುದ್ಧಿಯಿಂದ ಏನ್ ಮಾಡ್ತಾರೆ ಅಂತ ಒಂದಿನ ನೋಡ್ಬೇಕು’ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ನಿಮ್ಮನ್ನು ಕಾಡುತ್ತಿದ್ದ. ನೀವೂ ನಗುತ್ತಿದ್ದಿರಿ.

ಅವತ್ತು ಯಾವುದೋ ಯುದ್ಧನೌಕೆ ಸಂಜೆಯೊಳಗೆ ಹೊರಡಬೇಕಿತ್ತು. ಮೇಲಿನವರು ಎಲ್ಲರ ಬೆನ್ನು ಹತ್ತಿದ್ದರು. ಕಬ್ಬಿಣದ ತೊಲೆಗಳ ಕಟ್ಟು ತಿರುಗಿ ಬಂದು ಗುಬ್ಬಿಗೆ ಬಡಿಯಿತು. ಅವನು ಅಲ್ಲೇ ಹೋದ. ವಿಚಾರಣೆಯಲ್ಲಿ ನೀವು ಹೇಳಿದಿರಿ: ತಿರುಗಿಸು ಎಂದು ಸನ್ನೆ ಕೊಟ್ಟವನು ತನ್ನ ಜಾಗ ಬಿಟ್ಟು ಗೋದಾಮಿನ ಆಚೆಗೆ ಹೋದ, ಹಗ್ಗ ಕಟ್ಟುವ ಗೂಟದ ಹತ್ತಿರ ನಿಂತ, ಅಲ್ಲಿ ನಿಂತವನು ನನಗೆ ಕಾಣುವುದಿಲ್ಲ, ಗೋದಾಮಿನ ಮಾಡು ಅಡ್ಡ ಬರುತ್ತದೆ ಎಂದು. ವಿಚಾರಣೆಗೆ ಬಂದ ಅಧಿಕಾರಿ ಕ್ರೇನಿನ ಏಣಿಯನ್ನು ಕೆಳಗಿನಿಂದಲೇ ನೋಡಿ, ಹೊಟ್ಟೆ ಸವರಿಕೊಂಡು, ಸರಿ ಎಂದು ಬರೆದು ಹೋದರಂತೆ. ಸತ್ತವನ ತಪ್ಪು ಎಂದು ತೀರ್ಮಾನವಾಯಿತು.

ನಮ್ಮಮ್ಮ ಸಾಯುವವರೆಗೂ ಮಗನನ್ನೇ ಬೈದಳು. ‘ಹುಟ್ಟಿದಾಗಿಂದ ಒಂದ್ಕಡೆ ನಿಂತೋನಲ್ಲ. ಅವನೇ ಹೋಗಿ ಸಾವಿನ ಬಾಯಿಗೆ ಬಿದ್ದ’ ಎನ್ನುತ್ತಿದ್ದಳು. ಅವಳು ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದವರು ನೀವು. ಅವಳು ಹಾಗೆ ಅಂದಾಗಲೆಲ್ಲ ‘ಹೂಂ ಅತ್ತೆ’ ಎನ್ನುತ್ತಿದ್ದಿರಿ. ಎಂಥ ಅಳಿಯ ಎಂದು ನೆಂಟರೆಲ್ಲ ಹೊಗಳಿದರು. ನಾನೂ ಹಾಗೇ ಅಂದುಕೊಂಡೆ.

ತಮ್ಮನ ಹೆಂಡತಿ ಒಬ್ಬಳೇ ನಂಬಲಿಲ್ಲ. ‘ಸನ್ನೆ ಕೊಟ್ಟು ಜಾಗ ಬಿಡೋರಲ್ಲ ಅವರು’ ಎಂದಳು. ‘ದುಃಖದಲ್ಲಿ ಮಾತಾಡ್ತಾಳೆ, ಮನಸ್ಸಿಗೆ ಹಚ್ಕೋಬೇಡ’ ಎಂದಿರಿ ನನಗೆ. ಅವಳು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು.

ನೀವು ನಿವೃತ್ತರಾದ ಮೇಲೆ ಆ ಬಂದರನ್ನು ಕೆಡವಿದರು. ಜೆಟ್ಟಿ, ಗೋದಾಮು, ಕ್ರೇನ್, ಏನೂ ಉಳಿಯಲಿಲ್ಲ. ಗುಜರಿಗೆ ಹೊರಟಿದ್ದ ಹಳೆಯ ನಕ್ಷೆಗಳ ಸುರುಳಿಗಳನ್ನು ನೀವು ಬೇಡಿ ತಂದಿರಿ. ‘ಎಲ್ಲಾ ಹೋಯ್ತು. ನಾವಾದ್ರೂ ಇಟ್ಕೊಳ್ಳೋಣ’ ಎಂದಿರಿ. ಆ ಮಾತು ಕೇಳಿ ನನ್ನ ಕಣ್ಣು ತುಂಬಿತ್ತು. ನನ್ನ ತಮ್ಮ ದುಡಿದ ಜಾಗವನ್ನು ಉಳಿಸಲು ಹೊರಟಿದ್ದೀರೆಂದು ನನಗೆ ಅನ್ನಿಸಿತ್ತು.

ಮೊದಲು ಊಟದ ಮೇಜು ಹೋಯಿತು. ಆಮೇಲೆ ಹಾಲಿನ ಸೋಫಾ ಹೋಯಿತು. ಆಮೇಲೆ ಮಗಳ ಕೋಣೆಯ ನಡುಗೋಡೆಯೇ ಹೋಯಿತು, ಅಲೆತಡೆ ಬಾಗುವುದಕ್ಕೆ ಜಾಗ ಸಾಲದೆಂದು. ಅವಳು ಗಂಡನ ಮನೆಯಿಂದ ಬಂದರೆ ಅಡುಗೆಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು. ‘ಅಪ್ಪನಿಗೆ ಹಡಗು ನಿಲ್ಲಿಸೋಕೆ ಜಾಗ ಇದೆ, ಮಗಳನ್ನ ಮಲಗಿಸೋಕೆ ಇಲ್ಲ’ ಎಂದು ನಗುತ್ತಲೇ ಹೇಳಿದವಳು ಬರಬರುತ್ತಾ ಬರುವುದನ್ನೇ ಕಡಿಮೆ ಮಾಡಿದಳು.

ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಮ್ಮ ಸಂಸಾರದಲ್ಲಿ ನನಗೆ ಅತ್ಯಂತ ಸುಖದ ವರ್ಷಗಳು ಅವೇ. ನೀವು ತಗಡು ಕತ್ತರಿಸುವಿರಿ, ನಾನು ಅಂಚು ಉಜ್ಜುವೆ. ಅಂಗಡಿಯಿಂದ ತಂದ ಸಿದ್ಧ ಭಾಗ ಒಂದೂ ಇರಬಾರದು ಎಂಬುದು ನಿಮ್ಮ ಹಟ. ಸುಟ್ಟುಹೋದ ಫ್ಯಾನಿನ ತಾಮ್ರದ ತಂತಿ ಬಿಚ್ಚಿ ಹೊಸೆದು ಲಂಗರಿನ ಸರಪಣಿ ಮಾಡಿದೆ. ನನ್ನ ಹಳೆಯ ಲಂಗದ ಬಟ್ಟೆ ಹರಿದು ಸರಕಿನ ಮೂಟೆ ಹೊಲಿದೆ, ಒಂದೊಂದೂ ಅಕ್ಕಿಕಾಳಿನಷ್ಟು. ನಿಮ್ಮ ಕೈಗೆ ನೀರು ಮಾತ್ರ ಒಗ್ಗಲಿಲ್ಲ. ಎಷ್ಟು ಸಲ ಬಣ್ಣ ಹೊಡೆದರೂ ಅದು ಸಿಮೆಂಟು ನೆಲದ ಹಾಗೆ ಕಾಣುತ್ತಿತ್ತು. ನಾನು ವಾರ್ನಿಷ್ ಮೆತ್ತಿ, ಅದು ಒಣಗುವ ಮುಂಚೆ ಚಮಚದ ಬೆನ್ನಿನಿಂದ ತಟ್ಟಿ ತಟ್ಟಿ ಅಲೆ ಎಬ್ಬಿಸಿದೆ. ನೀವು ಬಹಳ ಹೊತ್ತು ನೋಡಿ, ‘ಈಗ ಉಪ್ಪಿನ ವಾಸನೆ ಬರ್ತಿದೆ ನೋಡು’ ಎಂದಿರಿ. ನನ್ನ ಅಡುಗೆಯನ್ನು ಕೂಡ ನೀವು ಹಾಗೆ ಮೆಚ್ಚಿದ್ದಿಲ್ಲ.

ನಿಮ್ಮ ಅಳತೆಯ ಹುಚ್ಚು ನನಗೆ ಗೊತ್ತು. ನಿಜದ ನೂರು ಅಡಿಗೆ ಇಲ್ಲಿ ಒಂದಡಿ ಎಂದರೆ ಒಂದೇ ಅಡಿ. ದೀಪಸ್ತಂಭ ಕೂದಲೆಳೆಯಷ್ಟು ವಾಲಿತೆಂದು ಬುಡಸಮೇತ ಕಿತ್ತು ಮತ್ತೆ ಮಾಡಿದವರು ನೀವು. ಗೋದಾಮು ಕಟ್ಟುವಾಗ ನಕ್ಷೆಯ ಮೇಲೆ ನಾನೇ ಅಡಿಪಟ್ಟಿ ಹಿಡಿದಿದ್ದೆ. ನೀವು ಅಳೆದಿರಿ, ಮತ್ತೆ ಅಳೆದಿರಿ, ಆಮೇಲೆ ಕತ್ತರಿಸಿದಿರಿ.

ಎಲ್ಲ ಮುಗಿದ ಮೇಲೂ ಜೆಟ್ಟಿಯ ಮೇಲೆ ಒಬ್ಬ ಮನುಷ್ಯ ಮಾತ್ರ ಇರಲಿಲ್ಲ. ನಾವಿಕರಿದ್ದರು, ಕಾವಲಿನವರಿದ್ದರು, ಪೀಪಾಯಿ ಉರುಳಿಸುವವರಿದ್ದರು. ಸನ್ನೆ ಮಾಡುವವನು ಇರಲಿಲ್ಲ. ಕೇಳಿದರೆ, ‘ಮಾಡೋಣ, ಅವಸರ ಏನು’ ಎನ್ನುತ್ತಿದ್ದಿರಿ. ಕೊನೆಗೆ ನಾನೇ ತಂತಿ ಬಗ್ಗಿಸಿ, ಮೇಲೆ ಮೇಣ ಮೆತ್ತಿ, ಒಂದು ಕೈ ಎತ್ತಿರುವ ಗುಬ್ಬಿಯನ್ನು ಮಾಡಿದೆ. ನೀವು ಬಣ್ಣ ತರಲು ಪೇಟೆಗೆ ಹೋಗಿದ್ದಿರಿ. ಅವನನ್ನು ಗೋದಾಮಿನ ಆಚೆ, ಆ ಗೂಟದ ಹತ್ತಿರ ನಿಲ್ಲಿಸಿದೆ. ನಿಮಗೆ ಸಂತೋಷವಾಗಲಿ ಎಂದೇ ಮಾಡಿದ್ದು.

ನಿಲ್ಲಿಸಿದ ಮೇಲೆ, ನಿಮ್ಮ ಕ್ಯಾಬಿನ್ನಿನಿಂದ ನಿಜಕ್ಕೂ ಏನೂ ಕಾಣುತ್ತಿರಲಿಲ್ಲವಲ್ಲ, ಎಷ್ಟು ಸಂಕಟಪಟ್ಟಿರೋ ಎಂದುಕೊಂಡೆ. ಹಡಗಿನ ಹೊಟ್ಟೆಯೊಳಗೆ ಇಣುಕಲು ನೀವು ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಇಟ್ಟುಕೊಂಡಿದ್ದಿರಲ್ಲ, ಅದನ್ನು ತೆಗೆದು ಕ್ರೇನಿನ ಕ್ಯಾಬಿನ್ನಿನ ಕಿಟಕಿಗೆ ಹಿಡಿದು ಬಗ್ಗಿ ನೋಡಿದೆ.

ಗೋದಾಮಿನ ಮಾಡಿನ ಆಚೆ ಗುಬ್ಬಿ ಕಂಡ. ತಲೆ ಮಾತ್ರವಲ್ಲ, ಕಾಲಿನವರೆಗೆ ಕಂಡ. ಎತ್ತಿದ ಕೈ ಕಂಡಿತು.

ಕನ್ನಡಿ ಒರೆಸಿದೆ. ಮೇಲೆ ಹಿಡಿದೆ, ಕೆಳಗೆ ಹಿಡಿದೆ. ಕ್ರೇನಿನ ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿದೆ. ಎಲ್ಲಿಂದ ನೋಡಿದರೂ ಅವನು ಅಲ್ಲೇ ನಿಂತಿದ್ದ.

ನೀವು ಬಂದ ಮೇಲೆ ಊಟಕ್ಕೆ ಬಡಿಸುತ್ತಾ ಕೇಳಿದೆ. ‘ಏನ್ರೀ, ಕ್ಯಾಬಿನ್ನಿಂದ ಆ ಗೂಟ ಕಾಣ್ತದಲ್ಲ’ ಎಂದೆ. ನೀವು ಅನ್ನದಿಂದ ಕೈ ಎತ್ತಲಿಲ್ಲ. ‘ನಿನ್ನ ಕಣ್ಣು ಸರಿ ಇಲ್ಲ. ಮೊದಲು ಕಣ್ಣು ತೋರಿಸ್ಕೊಂಡು ಬಾ’ ಎಂದಿರಿ.

ನಾನು ಎಂಥವಳು ನೋಡಿ, ತೋರಿಸಿಕೊಂಡೇ ಬಂದೆ. ಮರುದಿನ ಬೆಳಿಗ್ಗೆ ಹೋಗಿ, ಕಣ್ಣಿನ ಡಾಕ್ಟರಮ್ಮನ ಬಾಗಿಲಲ್ಲಿ ಸರತಿಯಲ್ಲಿ ಕೂತೆ. ನನ್ನ ಕಣ್ಣೇ ಕೆಟ್ಟಿರಲಿ ಎಂದು ಅಲ್ಲಿ ಕೂತಷ್ಟು ಹೊತ್ತೂ ಬೇಡಿಕೊಂಡೆ. ಪೊರೆ ಬಂದಿರಲಿ, ಆಪರೇಷನ್ ಎಂದರೂ ಸರಿ ಎಂದುಕೊಂಡೆ. ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ‘ಈ ವಯಸ್ಸಿಗೆ ಎಂಥಾ ಚೆನ್ನಾಗಿರೋ ಕಣ್ಣಮ್ಮ ನಿಮ್ದು’ ಎಂದರು. ಆ ಮಾತಿಗೆ ನಾನು ಅತ್ತದ್ದು ಅವರಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದರೆ ಹಸಿ ಬಣ್ಣದ ವಾಸನೆ. ಗೋದಾಮು ಬೆಳೆದಿತ್ತು. ಮಾಡನ್ನು ಬಿಡಿಸಿ, ಗೋಡೆಯ ಮೇಲೆ ಬೆರಳಗಲದ ಪಟ್ಟಿ ಕೂರಿಸಿ, ಇಟ್ಟಿಗೆಯ ಗೆರೆ ಎಳೆದು, ಮಸಿಯ ಕಲೆ ಕೂಡ ಬರೆದು, ಮತ್ತೆ ಮಾಡು ಹೊದಿಸಿದ್ದಿರಿ. ಎಷ್ಟು ಅಚ್ಚುಕಟ್ಟು ಎಂದರೆ ಅಡಿಪಟ್ಟಿ ಹಿಡಿದವಳಲ್ಲದೆ ಬೇರೆ ಯಾರಿಗೂ ಗೊತ್ತಾಗಬಾರದು. ಕನ್ನಡಿ ಹಿಡಿದು ನೋಡಿದೆ. ಬರೀ ಮಾಡು. ಗುಬ್ಬಿಯನ್ನು ನೀವು ಕಿತ್ತಿರಲಿಲ್ಲ, ಸರಿಸಿಯೂ ಇರಲಿಲ್ಲ. ಅವನ ಪಾಡಿಗೆ ಅವನು ಕೈ ಎತ್ತಿಕೊಂಡು ಮರೆಯಲ್ಲಿ ನಿಂತಿದ್ದ.

‘ಯಾಕ್ರೀ ಹೀಗ್ ಮಾಡಿದ್ರಿ?’ ಎಂದೆ.

‘ಪ್ರದರ್ಶನಕ್ಕೆ ಹೋಗೋ ವಸ್ತು. ಅಳತೆ ತಪ್ಪಿತ್ತು, ಸರಿ ಮಾಡ್ದೆ’ ಎಂದು ಕನ್ನಡಕ ತೆಗೆದು ಒರೆಸಿದಿರಿ.

ನಾನು ಬಟ್ಟೆ ಜೋಡಿಸಿಕೊಳ್ಳುವಾಗ ನೀವು ಬಾಗಿಲಿಗೆ ಬಂದು ನಿಂತಿರಿ. ಏನಾದರೂ ಹೇಳುತ್ತೀರೆಂದು ಸೀರೆಗಳನ್ನು ಬೇಕೆಂದೇ ನಿಧಾನವಾಗಿ ಮಡಿಸಿದೆ. ಒಂದನ್ನು ಬಿಚ್ಚಿ ಮತ್ತೆ ಮಡಿಸಿದೆ. ನೀವು ಹೇಳಿದ್ದು, ‘ಬ್ರಷ್ ತೊಳೆಯೋ ಎಣ್ಣೆ ಎಲ್ಲಿಟ್ಟಿದೀಯ’ ಎಂದು. ಸ್ನಾನದ ಮನೆಯ ಗೂಡಿನಲ್ಲಿದೆ ಎಂದು ಹೇಳಿ ಹೊರಟುಬಂದೆ.

ಇಲ್ಲಿ ಬಂದ ಮೇಲೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿದೆ. ಅವತ್ತು ನೀವು ಆ ಕಡೆ ನೋಡಿಯೂ ತಿರುಗಿಸಿದಿರೋ, ಅವಸರದಲ್ಲಿ ನೋಡದೆಯೇ ತಿರುಗಿಸಿದಿರೋ ನನಗೆ ಗೊತ್ತಿಲ್ಲ. ಆ ನಿಮಿಷವನ್ನು ನಾನು ಕ್ಷಮಿಸುತ್ತಿದ್ದೆ. ಮೇಲಿನವರು ಬೆನ್ನು ಹತ್ತಿದ್ದರು, ಭಾರ ಗಾಳಿಯಲ್ಲಿ ತೂಗುತ್ತಿತ್ತು, ಯಾರ ಕೈಯೂ ತಪ್ಪಬಹುದು. ವಿಚಾರಣೆಯ ಸುಳ್ಳನ್ನೂ ಹೇಗೋ ನುಂಗುತ್ತಿದ್ದೆನೇನೋ. ಕೆಲಸ ಹೋಗುವ ಭಯ, ಜೈಲಿನ ಭಯ, ನಮ್ಮ ಮಗಳು ಇನ್ನೂ ಶಾಲೆಯಲ್ಲಿದ್ದಳು. ಆದರೆ ಬಂದರನ್ನು ಕಟ್ಟುವಾಗ ಯಾರ ಭಯವೂ ಇರಲಿಲ್ಲವಲ್ಲ. ಬೇಕಿದ್ದರೆ ಗೋದಾಮನ್ನು ಮೊದಲೇ ಎತ್ತರ ಮಾಡಬಹುದಿತ್ತು. ಮಾಡಲಿಲ್ಲ. ನಿಮ್ಮ ಕೈಗೆ ಸುಳ್ಳು ಬರುತ್ತಿರಲಿಲ್ಲ, ಬಾಯಿಗೆ ಮಾತ್ರ ಬರುತ್ತಿತ್ತು. ನಾನು ಕಣ್ಣಿನ ಡಾಕ್ಟರ ಬಾಗಿಲಲ್ಲಿ ಕೂತಿದ್ದ ಹೊತ್ತಿನಲ್ಲಿ ನೀವು ಅದನ್ನು ಕೈಗೂ ಕಲಿಸಿದಿರಿ. ನಾನು ಬಿಟ್ಟು ಬಂದದ್ದು ಅದಕ್ಕೆ.

ಉದ್ಘಾಟನೆಯಾದ ಮೇಲೆ ಶಾಲೆಯ ಮಕ್ಕಳು ಸಾಲಾಗಿ ಬಂದು ಗಾಜಿಗೆ ಮೂಗೊತ್ತಿ ನೋಡುತ್ತಾರೆ. ಇಡೀ ಬಂದರು ಹೀಗೇ ಇತ್ತು ಎಂದು ಯಾರೋ ಕೋಲು ಹಿಡಿದು ತೋರಿಸುತ್ತಾರೆ. ಅದಲ್ಲ ಎನ್ನಲು ನಿಜವಾದ ಗೋದಾಮು ಈಗ ಎಲ್ಲಿಯೂ ಇಲ್ಲ. ವಸ್ತುಸಂಗ್ರಹಾಲಯದವರಿಗೆ ನಾನು ಬರೆಯುವುದಿಲ್ಲ, ಹೆದರಬೇಡಿ. ನಿಮ್ಮ ಪಟ ಪೇಪರಿನಲ್ಲಿ ಬಂದರೆ ಮಗಳು ಕತ್ತರಿಸಿ ಇಟ್ಟುಕೊಳ್ಳಲಿ. ಅವಳಿಗೂ ನಾನು ಏನೂ ಹೇಳಿಲ್ಲ. ಅಪ್ಪ ಅಮ್ಮ ಹಡಗಿನ ವಿಷಯಕ್ಕೆ ಜಗಳಾಡಿಕೊಂಡಿದ್ದಾರೆ ಎಂದುಕೊಂಡಿದ್ದಾಳೆ. ಅದು ಸುಳ್ಳೂ ಅಲ್ಲ.

ರಕ್ತದೊತ್ತಡದ ಮಾತ್ರೆ ಬೆಳಿಗ್ಗೆಯದು ಬೇರೆ, ರಾತ್ರಿಯದು ಬೇರೆ. ನೀವು ಎರಡನ್ನೂ ಒಟ್ಟಿಗೆ ನುಂಗುತ್ತೀರಿ. ಹಾಗೆ ಮಾಡಬೇಡಿ. ಕಿಟಕಿಯ ಚೌಕಟ್ಟು ಹಾಕಿಸಿ, ಮನೆಗೆ ಧೂಳು ಬರುತ್ತದೆ.

ಇಂತಿ,
ಗುಬ್ಬಿಯ ಅಕ್ಕ

ತಾ.ಕ.: ನಾನು ಯಾವ ಮನೆಯಲ್ಲಿದ್ದೇನೆಂದು ದೊಡ್ಡಕ್ಕ ನಿಮಗೆ ಹೇಳಿರಲಿಕ್ಕಿಲ್ಲ. ತಮ್ಮನ ಹೆಂಡತಿಯ ಮನೆಯಲ್ಲಿದ್ದೇನೆ. ಬಂದ ದಿನ ಅವಳು ಯಾಕೆ ಬಂದಿರಿ ಎಂದು ಕೇಳಲಿಲ್ಲ, ಒಳಗೆ ಕರೆದು ನೀರು ಕೊಟ್ಟಳು. ಈ ಕಾಗದವನ್ನು ಅವಳಿಗೆ ಓದಲು ಕೊಟ್ಟೆ. ಅವಳು ನಿಮ್ಮನ್ನು ಬೈಯಲಿಲ್ಲ. ಗುಬ್ಬಿಯ ಬಗ್ಗೆ ಅವಳದು ಒಂದೇ ಪ್ರಶ್ನೆ: ‘ಭಾರ ಬರೋದನ್ನ ಅವರು ನೋಡಿದ್ರಾ? ಹೆದರಿದ್ರಾ? ಇಲ್ಲ, ಗೊತ್ತೇ ಆಗ್ಲಿಲ್ವಾ?’ ಇಷ್ಟು ವರ್ಷ ಅದನ್ನು ಯಾರ ಹತ್ತಿರವೂ ಕೇಳಲಿಲ್ಲವಂತೆ, ಯಾರಿಗೂ ಕಂಡೇ ಇರಲಿಲ್ಲ ಎಂದಿದ್ದರಲ್ಲ. ನನಗೆ ಬರೆಯಬೇಡಿ. ಅವಳಿಗೆ ಬರೆಯಿರಿ.