ಮಣ್ಣು ಕೊಟ್ಟವರು

ಗ್ಲೆನ್‌ಕೋರಿ, ಸೌತ್‌ಲ್ಯಾಂಡ್
ನ್ಯೂಜಿಲೆಂಡ್
೨೭ ಜುಲೈ ೨೦೨೪

ಪ್ರೀತಿಯ ಅಮ್ಮಿಗೆ ನಿಮ್ಮ ಸೊಸೆ ನಜೀರಾ ಮಾಡುವ ಸಲಾಮುಗಳು.

ನಿಮ್ಮ ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಿಸಿ ಕೂತು ನಮಾಜು ಮಾಡುತ್ತಿದ್ದೀರಿ ಎಂದು ಖಾಜಾ ಭಾಯಿ ಹೇಳಿದರು. ಬೇಡ ಅಮ್ಮಿ, ಕುರ್ಚಿಯ ಮೇಲೆ ಕೂತೇ ಮಾಡಿ, ಅಲ್ಲಾಹನಿಗೆ ನಿಮ್ಮ ಕಾಲಿನ ಸ್ಥಿತಿ ಗೊತ್ತಿದೆ. ಬಿಪಿ ಮಾತ್ರೆ ಬಿಡಬೇಡಿ. ಅಬ್ಬಾ ಹೋದ ಮೇಲೆ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುತ್ತೀರಿ, ಬಿಸಿಲು ಕಾಣುವುದಿಲ್ಲ, ಊಟವೂ ಅಷ್ಟಕ್ಕಷ್ಟೇ ಎಂದು ನನಗೆ ಗೊತ್ತು. ಹಿತ್ತಿಲಲ್ಲಾದರೂ ಸ್ವಲ್ಪ ಹೊತ್ತು ಕೂತು ಬನ್ನಿ. ನಾವು ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಗ ಗ್ಯಾರೇಜಿಗೆ ಹೋಗತೊಡಗಿದ್ದಾರೆ. ನನಗೂ ಮುದುಕರ ರೆಸ್ಟ್ ಹೋಮಿನ ಡ್ಯೂಟಿ ಶುರುವಾಗಿದೆ. ಉಮೈರಾ ದಿನಕ್ಕೊಮ್ಮೆ ಅಜ್ಜನ ಟೋಪಿ ಹಾಕಿಕೊಂಡು ಮನೆ ತುಂಬ ಓಡಾಡುತ್ತಾಳೆ. ಮೊದಮೊದಲು ತೆಗೆಸುತ್ತಿದ್ದೆ, ಈಗ ಸುಮ್ಮನಿದ್ದೇನೆ.

ಅಬ್ಬಾ ತೀರಿಕೊಂಡ ದಿನ ಫೋನಿನಲ್ಲಿ ನೀವು ಅತ್ತದ್ದಕ್ಕಿಂತ ಕೇಳಿದ ಮಾತು ನನ್ನ ಎದೆಯಲ್ಲಿ ಕೂತಿದೆ. ಹೆಣವನ್ನು ನಮ್ಮೂರು ಹಟ್ಟಿಗೇ ಕಳಿಸಿ ಎಂದು ಖಾಜಾ ಭಾಯಿ ಹಟ ಹಿಡಿದಿದ್ದರು. ಇವರು ಅಣ್ಣನಿಗೆ ಏನು ಹೇಳಬೇಕೆಂದು ತೋಚದೆ ಗೋಡೆಗೆ ಒರಗಿ ನಿಂತಿದ್ದರು. ಆಗ ನೀವು ಫೋನು ಇಸಿದುಕೊಂಡು ಹೇಳಿದಿರಿ: "ಎಲ್ಲಿ ಉಸಿರು ಹೋತೋ ಅಲ್ಲೇ ಮಣ್ಣು ಕೊಡ್ರಿ. ಪೆಟ್ಟಿಗ್ಯಾಗ ಹಾಕಿ ತಿರುಗಿಸಬ್ಯಾಡ್ರಿ." ಆಮೇಲೆ, "ಆದ್ರ ಅಲ್ಲಿ ಮಣ್ಣು ಕೊಡಾಕ ನಮ್ಮವ್ರು ಯಾರದಾರ ಬೇಟಿ?" ಎಂದಿರಿ. ನಾನು ಉತ್ತರ ಕೊಡಲಿಲ್ಲ. ಲೈನು ಕಟ್ಟಾಯಿತು ಎಂದುಕೊಂಡಿರಿ. ಕಟ್ಟಾಗಿರಲಿಲ್ಲ ಅಮ್ಮಿ, ಉತ್ತರ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ.

ನಮ್ಮ ಊರಿನ ಬಗ್ಗೆ ಮೊದಲು ಹೇಳುತ್ತೇನೆ, ನೀವು ನೋಡಿಲ್ಲವಲ್ಲ. ಇದು ಊರು ಎನ್ನುವಷ್ಟು ದೊಡ್ಡದಲ್ಲ. ಒಂದು ಮುಖ್ಯ ರಸ್ತೆ, ಒಂದು ಶಾಲೆ, ಒಂದು ಡೈರಿ. ಇಲ್ಲಿ ಡೈರಿ ಎಂದರೆ ಹಾಲು ಹಾಕುವ ಜಾಗವಲ್ಲ, ಮೂಲೆಯ ಕಿರಾಣಿ ಅಂಗಡಿ. ಮುತ್ತಜ್ಜಂದಿರ ಕಾಲದಲ್ಲಿ ಸ್ಕಾಟ್ಲೆಂಡಿನಿಂದ ಬಂದವರು ಕಲ್ಲಿದ್ದಲು ಅಗೆಯಲು ಕಟ್ಟಿದ ಊರು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಗಣಿಯ ಬಾಯಿ ಇದ್ದ ಗುಡ್ಡದ ಮೇಲೆ ಈಗ ಕುರಿ ಮೇಯುತ್ತವೆ. ಗಣಿ ಹೋದರೂ ಗಣಿಯವರ ಹಾಲ್ ಉಳಿದಿದೆ. ಬುಧವಾರ ಬುಧವಾರ ಅಲ್ಲಿ ಒಲೆ ಹೊತ್ತಿಸಿ ದೊಡ್ಡ ಪಾತ್ರೆಯಲ್ಲಿ ಸೂಪು ಕಾಯಿಸುತ್ತಾರೆ, ಮುದುಕರು ಇಸ್ಪೀಟು ಆಡುತ್ತಾರೆ, ಹೆಂಗಸರು ಕೌದಿ ಹೊಲಿಯುತ್ತಾರೆ. ನಾವು ಆಕ್ಲೆಂಡಿನ ಹೆಂಡರ್ಸನ್‌ನಲ್ಲಿ ಇದ್ದಾಗ ಪಕ್ಕದ ಮನೆಯವರ ಹೆಸರೇ ನಮಗೆ ಗೊತ್ತಿರಲಿಲ್ಲ. ಇಲ್ಲಿಗೆ ಬಂದ ವಾರದಲ್ಲೇ ಡೈರಿಯ ಮೊರಾಗ್ ಆಂಟಿ ನಮ್ಮ ಬಾಗಿಲಲ್ಲಿ ಒಂದು ಚೀಲ ಇದ್ದಲು ಇಳಿಸಿ ಹೋಗಿದ್ದರು. ಅವರ ಇಂಗ್ಲಿಷಿನಲ್ಲಿ 'ರ' ಅಕ್ಷರ ನಮ್ಮ 'ರ'ದ ಹಾಗೇ ಗಟ್ಟಿಯಾಗಿ ಉರುಳುತ್ತದೆ. ಈ ಸೀಮೆಯವರೆಲ್ಲ ಹಾಗೇ. ಅದನ್ನು ಕೇಳಿ ನನಗೆ ಯಾಕೋ ಧೈರ್ಯ ಬಂದಿತ್ತು. ಹಾಗಂತ ಎಲ್ಲರೂ ದೇವತೆಗಳೇನಲ್ಲ. ನಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಹೋಗುವ ಒಬ್ಬಾತ ಇದ್ದಾನೆ, ಅವನು ಅಬ್ಬಾರಿಗೆ ಮಣ್ಣು ಕೊಟ್ಟ ದಿನವೂ ಬರಲಿಲ್ಲ.

ಏಪ್ರಿಲ್‌ನಲ್ಲಿ, ಈದ್ ಆದ ಮೇಲೆ, ಅಬ್ಬಾ ಒಬ್ಬರೇ ಬಂದಾಗ ಅವರಿಗೆ ಇಲ್ಲಿ ಹೊತ್ತು ಹೇಗೆ ಹೋಗುತ್ತದೋ ಎಂದು ನಾನು ಹೆದರಿದ್ದೆ. ಮೊದಲ ಬುಧವಾರ ನಾನೇ ಹಾಲ್‌ಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರ ಕೂರಿಸಿ ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಹೊರಗಿನ ಬೆಂಚಿನ ಮೇಲೆ ಆರ್ಚಿ ಎಂಬ ಮುದುಕನ ಜೊತೆ ಕೂತಿದ್ದಾರೆ. ಈ ಆರ್ಚಿ ನಮ್ಮ ಎದುರು ಮನೆಯವರು, ಎಂಬತ್ತು ದಾಟಿದ ಒಂಟಿ ಜೀವ. ಹುಡುಗನಾಗಿದ್ದಾಗಲೇ ಗಣಿಗೆ ಇಳಿದವರು. ಎಡಗೈಯಲ್ಲಿ ಎರಡು ಬೆರಳಿಲ್ಲ. ಅಬ್ಬಾ ಅಂಗಿ ಸರಿಸಿ ಹಟ್ಟಿಯ ಚಿನ್ನದ ಗಣಿಯಲ್ಲಿ ಹೆಗಲ ಮೇಲೆ ಕಲ್ಲು ಬಿದ್ದ ಗಾಯದ ಕಲೆ ತೋರಿಸುತ್ತಿದ್ದರು, ಆರ್ಚಿ ಕನ್ನಡಕ ತೆಗೆದು, ವೈದ್ಯರ ಹಾಗೆ ಬಗ್ಗಿ ನೋಡುತ್ತಿದ್ದರು! ಏನು ಮಾತಾಡಿದಿರಿ ಎಂದು ದಾರಿಯಲ್ಲಿ ಕೇಳಿದ್ದಕ್ಕೆ ಅಬ್ಬಾ, "ಅಂವಾ ಇದ್ದಲಿ ತೆಗದಾನ, ನಾ ಬಂಗಾರ ತೆಗದೀನಿ. ಒಳಗಿನ ಕತ್ತಲಿ ಎರಡೂ ಕಡಿ ಒಂದಾ ಅದ. ಮಾತು ಯಾಕ ಬೇಕು?" ಎಂದರು. ಅವತ್ತಿನಿಂದ ಅವರಿಬ್ಬರೂ ಜೋಡಿ. ಇಲ್ಲಿಯವರು ಬ್ರೆಡ್ಡಿನೊಳಗೆ ಚೀಸ್ ಹಚ್ಚಿ, ಸುರುಳಿ ಸುತ್ತಿ, ಸುಟ್ಟು ತಿನ್ನುತ್ತಾರೆ. ಅಬ್ಬಾ ಅದನ್ನು ಚಹಾದಲ್ಲಿ ಅದ್ದಿ ತಿನ್ನುವುದನ್ನು ನೋಡಿ ಮೊದಲು ನಕ್ಕವರು ಆರ್ಚಿ. ಆಮೇಲೆ ಅವರೂ ಅದ್ದತೊಡಗಿದರು.

ತೀರಿಕೊಂಡ ದಿನ ಮಧ್ಯಾಹ್ನ ಅಬ್ಬಾ ಅಸರ್ ನಮಾಜು ಮುಗಿಸಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು. ಹೊರಗೆ ಹಿಮ ಬೀಳುತ್ತಿತ್ತು. "ಅರಳಿ ಹಿಂಜಿದಂಗ ಬೀಳಾಕ್ಹತ್ತೈತಿ ನೋಡ" ಎಂದರು. ನಾನು ಚಹಾ ತರಲು ಒಳಗೆ ಹೋದೆ. ತಂದಾಗ ತಲೆ ಒಂದು ಪಕ್ಕಕ್ಕೆ ವಾಲಿತ್ತು. ನಾನು ನರ್ಸು ಅಮ್ಮಿ, ಮುಟ್ಟಿದ ಕೂಡಲೇ ತಿಳಿಯಿತು. ಆದರೂ ಎದೆ ಒತ್ತಿದೆ, ಕೈ ಸೋಲುವವರೆಗೆ ಒತ್ತಿದೆ. ನಮ್ಮ ಕ್ಲಿನಿಕ್ಕಿನ ಡಾಕ್ಟರು ನಡೆದೇ ಬಂದು ನೋಡಿ, ನನ್ನ ಕೈ ಹಿಡಿದು, "ಸಾಕು" ಎಂದರು. ಅಬ್ಬಾರ ಹೃದಯದ ತೊಂದರೆಗೆ ಅವರೇ ಔಷಧಿ ಕೊಡುತ್ತಿದ್ದವರು. ನೋವು ಗೊತ್ತಾಗಿರಲಾರದು ಎಂದರು. ನಿಮಗೆ ಸಮಾಧಾನ ಮಾಡಲು ಬರೆಯುತ್ತಿಲ್ಲ, ಆ ಮುಖವನ್ನು ನಾನು ನೋಡಿದ್ದೇನೆ, ಕಣ್ಣು ಕಿಟಕಿಯ ಕಡೆಗೇ ಇತ್ತು.

ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಹೊರಗಿನ ದಾರಿಯೆಲ್ಲ ಹಿಮದಿಂದ ಮುಚ್ಚಿಹೋಗಿತ್ತು. ಇನ್ವರ್ಕಾರ್ಗಿಲ್‌ನ ನಮ್ಮ ಜಮಾತಿನವರು ಅಬ್ಬಾರಿಗೆ ಸುತ್ತುವ ಕಫನ್ನಿನ ಬಟ್ಟೆ ತೆಗೆದುಕೊಂಡು ಹೊರಟವರು ದಾರಿಯಲ್ಲೇ ಸಿಕ್ಕಿಬಿದ್ದರು. ಗೋರಿ ಅಗೆಯುವ ಮಷಿನ್ನೂ ಬರುವ ಹಾಗಿರಲಿಲ್ಲ. ಇವರು ಗ್ಯಾರೇಜಿನ ಸಲಿಕೆ ಹಿಡಿದು, "ನಾನೊಬ್ನೇ ಅಗೀತೀನಿ" ಎಂದು ಹೊರಟರು. ಬಾಗಿಲು ತೆರೆದರೆ ಗೇಟಿನ ಹತ್ತಿರ ಆರ್ಚಿ ನಿಂತಿದ್ದರು. ಅವರ ಹಿಂದೆ ಊರಿನ ಅಗ್ನಿಶಾಮಕ ದಳದವರು (ಇಲ್ಲಿ ಆ ಕೆಲಸಕ್ಕೆ ಸಂಬಳವಿಲ್ಲ, ಊರಿನವರೇ ಸೇರಿ ಮಾಡುವುದು), ಗ್ಯಾರೇಜಿನ ಮಾಲೀಕರು, ಶಾಲೆಯ ಮೇಷ್ಟ್ರು, ಎಲ್ಲರ ಕೈಯಲ್ಲೂ ಗುದ್ದಲಿ, ಸಲಿಕೆ. ಆರ್ಚಿ ಇವರ ಹೆಗಲ ಮೇಲೆ ಕೈಯಿಟ್ಟು, "ಗಣಿ ಮನುಷ್ಯನಿಗೆ ಗಣಿಯವರೇ ಅಗೆಯಬೇಕು. ಮಗ ಅಗೆಯಬಾರದು. ನೀನು ನಿನ್ನ ಅಪ್ಪನ ಹತ್ತಿರ ಇರು" ಎಂದರು. ನಿಮ್ಮ ಮಗ ಅಲ್ಲಿಯವರೆಗೆ ಅತ್ತಿರಲಿಲ್ಲ ಅಮ್ಮಿ.

ಗುಸುಲ್ ಎಲ್ಲಿ ಮಾಡಿಸಿದರು ಎಂದು ನೀವು ಕೇಳಿದ್ದಿರಿ. ಹಾಲ್‌ನ ಹಿಂದೆ ಹಳೆಯ ಸ್ನಾನದ ಮನೆಯಿದೆ. ಗಣಿಯಿಂದ ಮೇಲೆ ಬಂದವರು ಮೈಯ ಮಸಿ ತೊಳೆದುಕೊಂಡು ಮನೆಗೆ ಹೋಗಲೆಂದು ಕಟ್ಟಿದ್ದು, ಬಿಳಿ ಟೈಲ್ಸು, ಕಲ್ಲಿನ ಕಟ್ಟೆ. ಅದನ್ನು ಬೆಳಗ್ಗೆಯೇ ಉಜ್ಜಿ ತೊಳೆದು, ಇದ್ದಲು ಹಾಕಿ ನೀರು ಕಾಯಿಸಿಟ್ಟಿದ್ದರು. ಪಕ್ಕದ ಹಾಲಿನ ಫಾರಮ್ಮಿನಲ್ಲಿ ಕೆಲಸ ಮಾಡುವ ಫಿಜಿ ದೇಶದ ಇಮ್ರಾನ್ ಎಂಬ ಹುಡುಗ ಮೊಣಕಾಲುದ್ದದ ಹಿಮದಲ್ಲಿ ನಡೆದು ಬಂದ. ಅವನೂ ಇವರೂ ಸೇರಿ ಅಬ್ಬಾರಿಗೆ ಕೊನೆಯ ಸ್ನಾನ ಮಾಡಿಸಿದರು. ನೀರು ಹದವಾಗಿ ಬಿಸಿಯಾಗಿತ್ತಂತೆ. ಕಫನ್ನಿಗೆ ಏನು ಮಾಡುವುದು ಎಂದು ನಾನು ಯೋಚಿಸುತ್ತಿದ್ದಾಗ ಮೊರಾಗ್ ಆಂಟಿ ಕೌದಿಗೆಂದು ತಂದಿಟ್ಟಿದ್ದ ಹೊಸ ಬಿಳಿ ಹತ್ತಿ ಬಟ್ಟೆಯ ಥಾನು ಹೊತ್ತು ತಂದರು. ಹೊಲಿಗೆ ಇರಬಾರದು, ಮೂರು ತುಂಡು ಬೇಕು ಎಂದೆ. "ನೀನು ಹೇಳು, ನಾನು ಹರಿಯುತ್ತೇನೆ" ಎಂದರು. ನಾನು ಅಳತೆ ಹಿಡಿದೆ, ಅವರು ಹರಿದರು. ಬಟ್ಟೆ ಹರಿಯುವ ಸದ್ದು ಈಗಲೂ ಕಿವಿಯಲ್ಲಿದೆ.

ಗೋರಿಯ ಹತ್ತಿರ ಒಂದು ತೊಡಕು ಬಂದಿತ್ತು. ಇಲ್ಲಿಯ ಸಮಾಧಿಗಳೆಲ್ಲ ಒಂದೇ ಸಾಲಿನಲ್ಲಿ, ಒಂದೇ ದಿಕ್ಕಿಗೆ ಇವೆ. ಕಿಬ್ಲಾದ ಕಡೆಗೆ, ಮಕ್ಕಾದ ದಿಕ್ಕಿಗೆ, ಮುಖ ಮಾಡಿಸಬೇಕಾದರೆ ಅಬ್ಬಾರ ಗೋರಿ ಆ ಸಾಲಿಗೆ ಓರೆಯಾಗುತ್ತಿತ್ತು. ಇವರು ಸಂಕೋಚದಿಂದ ಹೇಳಿದರು. ಸ್ಮಶಾನ ನೋಡಿಕೊಳ್ಳುವವರು ಫೋನಿನಲ್ಲಿ ದಿಕ್ಕು ನೋಡಿ, ಸಾಲನ್ನು ನೋಡಿ, "ನಮ್ಮವರು ನೇರ ಮಲಗಿ ಮಲಗಿ ಬೇಸತ್ತಿದ್ದಾರೆ, ಇವರೊಬ್ಬರು ಓರೆ ಮಲಗಲಿ" ಎಂದು ಗೂಟ ಬಡಿದೇಬಿಟ್ಟರು. ಮೇಲಿನ ಮಣ್ಣು ಹೆಪ್ಪುಗಟ್ಟಿ ಕಲ್ಲಾಗಿತ್ತು, ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತಂತೆ. ಸರದಿಯ ಮೇಲೆ ಅಗೆದರು. ಆರ್ಚಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಬೈಯುತ್ತ ಹೇಳಿಕೊಡುತ್ತಿದ್ದರು. ತಳದಲ್ಲಿ ಒಂದು ಪಕ್ಕಕ್ಕೆ ಗೋಡೆ ಕೊರೆದು ದೇಹ ಇಡಲು ಗೂಡು ಮಾಡಬೇಕು ಎಂದು ಇವರು ಹೇಳಿದಾಗ ಉಳಿದವರು ಮುಖ ಮುಖ ನೋಡಿಕೊಂಡರು. ಆರ್ಚಿ ಮಾತ್ರ, "ಗೋಡೆಯ ಬುಡ ಕೊರೆಯುವುದು ತಾನೇ? ಜೀವಮಾನವೆಲ್ಲ ಅದನ್ನೇ ಮಾಡಿದ್ದೇನೆ" ಎಂದು ಕೋಟು ಬಿಚ್ಚಿದರು. ಯಾರೆಷ್ಟು ಬೇಡವೆಂದರೂ ಕೇಳದೆ ಏಣಿ ಹಾಕಿಸಿಕೊಂಡು ಇಳಿದು, ಮೊದಲ ನಾಲ್ಕು ಏಟು ಅವರೇ ಹಾಕಿ ತೋರಿಸಿ ಮೇಲೆ ಬಂದರು. ಗೂಡು ಮುಚ್ಚಲು ಹಲಗೆಗಳನ್ನೂ ಅವರ ಶೆಡ್ಡಿನಿಂದಲೇ ತರಿಸಿದರು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಒಬ್ಬ ರೈತರು ಟ್ರಾಕ್ಟರಿನಿಂದ ಹಿಮ ತಳ್ಳುತ್ತ ಮುಂದೆ ಬಂದರು, ಅವರ ಹಿಂದೆಯೇ ಇನ್ವರ್ಕಾರ್ಗಿಲ್‌ನವರ ಕಾರುಗಳು. ಜನಾಜಾ ನಮಾಜು ಹಾಲ್‌ನಲ್ಲೇ ಆಯಿತು. ಊರಿನವರು ಟೋಪಿ ತೆಗೆದು ಹಿಂದೆ ನಿಂತಿದ್ದರು. ಗಣಿಯವರು ಯಾರು ಸತ್ತರೂ ಬ್ಯಾಗ್‌ಪೈಪ್ ನುಡಿಸುತ್ತ ಕರೆದೊಯ್ಯುವುದು ಈ ಊರಿನ ಪದ್ಧತಿ. ಬೇಡ ಎನ್ನಲು ಇವರಿಗೆ ಬಾಯಿ ಬರಲಿಲ್ಲ, ಕೊನೆಗೆ, ನಮ್ಮಲ್ಲಿ ವಾದ್ಯ ಇಲ್ಲ ಎಂದು ಮೆಲ್ಲಗೆ ಹೇಳಿದರು. ಮೊರಾಗ್ ಆಂಟಿಯ ಮಗನೇ ನುಡಿಸುವವನು. ಪೂರ್ತಿ ವೇಷ ತೊಟ್ಟು ಬಂದಿದ್ದವನು ತಲೆಯಾಡಿಸಿ, ಪೈಪನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಸ್ವರವನ್ನೂ ಎತ್ತದೆ ಎಲ್ಲರಿಗಿಂತ ಮುಂದೆ ನಡೆದ. ಹಿಮದ ಮೇಲೆ ಬೂಟುಗಳ ಸದ್ದು, ನಮ್ಮವರ ಕಲಿಮಾ, ಅಷ್ಟೇ. ಅಬ್ಬಾರಿಗೆ ಹೆಗಲು ಕೊಡಲು ಜನ ಬದಲಾಗುತ್ತಲೇ ಇದ್ದರು ಅಮ್ಮಿ. ಸ್ಮಶಾನದವರೆಗೂ ಒಂದು ಹೆಗಲೂ ಖಾಲಿಯಾಗಿರಲಿಲ್ಲ.

ನಾನು ಉಮೈರಾಳನ್ನು ಹಿಡಿದುಕೊಂಡು ಹೆಂಗಸರ ಜೊತೆ ಗೇಟಿನ ಹತ್ತಿರವೇ ನಿಂತೆ. ಅಬ್ಬಾರನ್ನು ಇಳಿಸಿದ ಮೇಲೆ ಮೂರು ಹಿಡಿ ಮಣ್ಣು ಹಾಕುವುದನ್ನು ಇವರು ತೋರಿಸಿಕೊಟ್ಟರು. ಊರಿನವರು ಒಬ್ಬೊಬ್ಬರಾಗಿ ಬಂದು, ಕೈಗವಸು ಕಳಚಿ, ಬರಿಗೈಯಲ್ಲಿ ಮಣ್ಣು ಹಾಕಿದರು. ಆರ್ಚಿ ಹಾಕಿದ ಮೇಲೆ ಇನ್ನೊಂದು ಹಿಡಿ ತೆಗೆದುಕೊಂಡು ಗೇಟಿನವರೆಗೂ ಕೋಲೂರಿಕೊಂಡು ಬಂದರು. ನನ್ನ ಅಂಗೈ ಬಿಡಿಸಿ ಮಣ್ಣು ಇಟ್ಟು, "ಇದು ಅವನ ಹೆಂಡತಿಯದು. ಮುಟ್ಟಿ ಕೊಡು, ನಾನು ಹಾಕುತ್ತೇನೆ" ಎಂದರು. ಹಳದಿ ಜೇಡಿ, ಹಿಮದಷ್ಟೇ ತಣ್ಣಗಿತ್ತು. ನಿಮ್ಮ ಹೆಸರು ಹೇಳಿ, ಬಿಸ್ಮಿಲ್ಲಾ ಎಂದು ಮುಟ್ಟಿ ಕೊಟ್ಟೆ. ಅವರು ತಿರುಗಿ ಹೋಗಿ ಬಗ್ಗಿ ನಿಧಾನವಾಗಿ ಬಿಟ್ಟರು. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇದೇ.

ಆಮೇಲೆ ಎಷ್ಟೋ ದಿನ ಊರಿನವರು ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡಲಿಲ್ಲ. ಮಾಂಸ ಹಾಕಿಲ್ಲ ಎಂದು ಮುಚ್ಚಳದ ಮೇಲೆ ಬರೆದೇ ಅಡುಗೆ ತಂದಿಡುತ್ತಿದ್ದರು. ಮುಂದಿನ ವರ್ಷ ಕ್ರೈಸ್ಟ್‌ಚರ್ಚ್‌ಗೆ ಹೋಗಬೇಕು, ಅಲ್ಲಿ ಸಂಬಳ ಜಾಸ್ತಿ ಎನ್ನುತ್ತಿದ್ದ ನಿಮ್ಮ ಮಗ ಈಗ ಆ ಮಾತೇ ಎತ್ತುತ್ತಿಲ್ಲ.

ಖಾಜಾ ಭಾಯಿಗೆ ಸಲಾಮ್ ಹೇಳಿ, ಅವರ ಸಿಟ್ಟು ತಂದೆಯ ಮೇಲಿನ ಪ್ರೀತಿಯೆಂದು ನಮಗೆ ಗೊತ್ತು. ಭಾಬಿಗೂ ಮಕ್ಕಳಿಗೂ ನನ್ನ ನೆನಪುಗಳು. ಐದು ಹೊತ್ತಿನ ನಿಮ್ಮ ದುವಾದಲ್ಲಿ ಅಬ್ಬಾರ ಜೊತೆ ಈ ಊರಿನವರನ್ನೂ ಸೇರಿಸಿಕೊಳ್ಳಿ.

ನಿಮ್ಮ ಮಗಳಂಥ ಸೊಸೆ,
ನಜೀರಾ

ಮ.ಬ.: ಕವರು ಅಂಟಿಸುವಾಗ ನೆನಪಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ತಲೆಯ ಹತ್ತಿರ ಸಣ್ಣದೊಂದು ಕಲ್ಲು ನೆಡಬೇಕು ಎಂದು ಊರಿನವರು ಹೇಳುತ್ತಿದ್ದಾರೆ. ಅಬ್ಬಾರ ಹೆಸರು ಅವರ ಭಾಷೆಯಲ್ಲೇ ಇರಲಿ, ಅಕ್ಷರ ಬರೆದು ಕೊಟ್ಟರೆ ಹಾಗೇ ಕೆತ್ತಿಸುತ್ತೇವೆ ಎಂದು ಆರ್ಚಿ ದಿನವೂ ಕೇಳುತ್ತಾರೆ. ಇವರು ಕಂಪ್ಯೂಟರಿನಲ್ಲಿ ಕನ್ನಡ ತೆಗೆದು ತೋರಿಸಿದರು, ನನಗೆ ಮನಸ್ಸು ಒಪ್ಪಲಿಲ್ಲ. ಅಂಗನವಾಡಿಯಲ್ಲಿ ಹಟ್ಟಿಯ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಕೈ ನಿಮ್ಮದು. ಮೌಲಾಸಾಬ್ ಎಂದು ನೀವೇ ದುಂಡಗೆ ಬರೆಯಬೇಕು. ಫೋಟೋ ತೆಗೆದು ಕಳಿಸಬೇಡಿ ಅಮ್ಮಿ. ನವೆಂಬರಿನಲ್ಲಿ ಇದ್ದತ್ತು ಮುಗಿಯುತ್ತದೆ, ಆಗ ಇಲ್ಲಿ ಬೇಸಿಗೆ ಶುರು, ಗುಡ್ಡದ ದಾರಿಯಲ್ಲಿ ನಿಮ್ಮ ಕಾಲೂ ನಡೆಯುತ್ತದೆ. ನೀವೇ ಬಂದು ಕಲ್ಲಿನ ಮೇಲೆ ಬರೆಯಿರಿ. ಅಲ್ಲಿಯವರೆಗೆ ಕಲ್ಲನ್ನು ಖಾಲಿಯೇ ಇಡಿ ಎಂದು ಆರ್ಚಿಗೆ ಹೇಳಿದ್ದೇನೆ.